ವಿದೇಶಿ ಏಜೆಂಟ್ ಎಂದರೆ ಯಾರು? ಲಾಬಿ, ಲಂಚ, ಬೇಹುಗಾರಿಕೆ ನಡುವಿನ ಗೆರೆ ಎಲ್ಲಿದೆ?

ಬೇರೆ ದೇಶದ ಸರ್ಕಾರದ ಪರವಾಗಿ ಹಣ ಪಡೆದು ಸಂಸದರ ಮನವೊಲಿಸುವುದು ಅಮೆರಿಕದಲ್ಲಿ ಅಪರಾಧವಲ್ಲ. ಇದನ್ನೇ ವೃತ್ತಿ ಮಾಡಿಕೊಂಡ ಲಾಬಿ ಕಂಪನಿಗಳು ವಾಷಿಂಗ್ಟನ್‌ನಲ್ಲಿವೆ. ಭಾರತದ ರಾಯಭಾರ ಕಚೇರಿಯೂ ಇಂಥ ಕಂಪನಿಗಳ ಸೇವೆ ಪಡೆದಿದೆ. ಆದರೆ ಯಾರಿಗಾಗಿ ಕೆಲಸ ಮಾಡುತ್ತಿದ್ದೇವೆ ಎಂಬುದನ್ನು ಮುಚ್ಚಿಟ್ಟರೆ ಜೈಲು ಸೇರಬೇಕಾದೀತು.

ಏನಿದು ಫಾರಾ ಕಾಯ್ದೆ?

ನಾಜಿ ಜರ್ಮನಿಯ ಪ್ರಚಾರ ದೇಶದೊಳಗೆ ಹರಡುತ್ತಿದ್ದ ಹೊತ್ತಿನಲ್ಲಿ, 1938ರಲ್ಲಿ ಅಮೆರಿಕ ವಿದೇಶಿ ಏಜೆಂಟರ ನೋಂದಣಿ ಕಾಯ್ದೆಯನ್ನು ತಂದಿತು. ಇದರ ಸಂಕ್ಷಿಪ್ತ ಹೆಸರು 'ಫಾರಾ'. ವಿದೇಶಿ ಸರ್ಕಾರ, ಪಕ್ಷ ಅಥವಾ ಸಂಸ್ಥೆಗಾಗಿ ರಾಜಕೀಯ ಚಟುವಟಿಕೆ ನಡೆಸುವವರು ನ್ಯಾಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು. ಬಂದ ಹಣ ಮತ್ತು ಮಾಡಿದ ಕೆಲಸದ ವಿವರವನ್ನು 6 ತಿಂಗಳಿಗೊಮ್ಮೆ ಸಲ್ಲಿಸಬೇಕು. ಈ ದಾಖಲೆಗಳನ್ನು ಯಾರು ಬೇಕಾದರೂ ನೋಡಬಹುದು. ಉದ್ದೇಶಪೂರ್ವಕವಾಗಿ ಉಲ್ಲಂಘಿಸಿದರೆ 5 ವರ್ಷದವರೆಗೆ ಜೈಲು ಶಿಕ್ಷೆಯಿದೆ.

ಕಾಶ್ಮೀರದ ಹೆಸರು, ಐಎಸ್‌ಐ ಹಣ

ಭಾರತಕ್ಕೆ ನೇರವಾಗಿ ಸಂಬಂಧಿಸಿದ ಪ್ರಕರಣ ಗುಲಾಂ ನಬಿ ಫೈ ಅವರದು. ಕಾಶ್ಮೀರದಲ್ಲಿ ಹುಟ್ಟಿ ಅಮೆರಿಕದ ಪೌರತ್ವ ಪಡೆದಿದ್ದ ಫೈ, ವಾಷಿಂಗ್ಟನ್‌ನಲ್ಲಿ ಕಾಶ್ಮೀರಿ ಅಮೆರಿಕನ್ ಕೌನ್ಸಿಲ್ ನಡೆಸುತ್ತಿದ್ದರು. ಸಮ್ಮೇಳನ ಏರ್ಪಡಿಸುವುದು, ಸಂಸದರನ್ನು ಭೇಟಿಯಾಗುವುದು ಅದರ ಕೆಲಸ. 2011ರ ಜುಲೈನಲ್ಲಿ ಎಫ್‌ಬಿಐ ಅವರನ್ನು ಬಂಧಿಸಿತು. ಪಾಕಿಸ್ತಾನದ ಐಎಸ್‌ಐನಿಂದ ಕನಿಷ್ಠ 35 ಲಕ್ಷ ಡಾಲರ್ ಬಂದಿದ್ದನ್ನು ಮುಚ್ಚಿಟ್ಟ ಸಂಚು ಹಾಗೂ ತೆರಿಗೆ ಅಪರಾಧವನ್ನು ಅವರು ಒಪ್ಪಿಕೊಂಡರು. 2012ರಲ್ಲಿ 2 ವರ್ಷ ಜೈಲು ಶಿಕ್ಷೆಯಾಯಿತು. ಶಿಕ್ಷೆಯಾಗಿದ್ದು ಕಾಶ್ಮೀರದ ಬಗೆಗಿನ ಅವರ ಅಭಿಪ್ರಾಯಕ್ಕಲ್ಲ, ಹಣದ ಮೂಲ ಮರೆಮಾಚಿದ್ದಕ್ಕೆ.

ಸೆನೆಟರ್ ಮನೆಯಲ್ಲಿ ಚಿನ್ನದ ಗಟ್ಟಿ

ಏಜೆಂಟ್ ಸ್ವತಃ ಜನಪ್ರತಿನಿಧಿಯೇ ಆಗಿದ್ದರೆ? ನ್ಯೂಜೆರ್ಸಿಯ ಬಾಬ್ ಮೆನೆಂಡೆಜ್ ಸೆನೆಟ್‌ನ ವಿದೇಶಾಂಗ ಸಮಿತಿಯ ಅಧ್ಯಕ್ಷರಾಗಿದ್ದವರು. ಅವರ ಮನೆಯಲ್ಲಿ ಚಿನ್ನದ ಗಟ್ಟಿಗಳು ಮತ್ತು 4.80 ಲಕ್ಷ ಡಾಲರ್‌ಗೂ ಹೆಚ್ಚು ನಗದು ಸಿಕ್ಕಿತು. ಲಂಚ ಪಡೆದಿದ್ದು, ಈಜಿಪ್ಟ್‌ನ ಏಜೆಂಟ್ ಆಗಿ ವರ್ತಿಸಿದ್ದು ಸೇರಿ 16 ಆರೋಪಗಳಲ್ಲಿ 2024ರ ಜುಲೈನಲ್ಲಿ ಅವರು ದೋಷಿ ಎಂದು ತೀರ್ಪು ಬಂತು. 2025ರ ಜನವರಿಯಲ್ಲಿ 11 ವರ್ಷಗಳ ಶಿಕ್ಷೆ ಪ್ರಕಟವಾಯಿತು.

ಮಿತ್ರ ದೇಶಕ್ಕಾದರೂ ಬೇಹುಗಾರಿಕೆಯೇ

ಸರ್ಕಾರದ ರಹಸ್ಯ ದಾಖಲೆ ಕೈ ಬದಲಿಸಿದರೆ ಅದು ಲಾಬಿಯಲ್ಲ, ಬೇಹುಗಾರಿಕೆ. ಅಮೆರಿಕ ನೌಕಾಪಡೆಯ ಗುಪ್ತಚರ ವಿಶ್ಲೇಷಕ ಜೊನಾಥನ್ ಪೊಲಾರ್ಡ್ ಹಣ ಪಡೆದು ಇಸ್ರೇಲ್‌ಗೆ ದಾಖಲೆ ರವಾನಿಸಿ 1985ರಲ್ಲಿ ಸಿಕ್ಕಿಬಿದ್ದರು. ಇಸ್ರೇಲ್ ಮಿತ್ರ ರಾಷ್ಟ್ರ ಎಂಬ ವಾದ ಅವರನ್ನು ಉಳಿಸಲಿಲ್ಲ. 1987ರಲ್ಲಿ ಜೀವಾವಧಿ ಶಿಕ್ಷೆಯಾಯಿತು. 30 ವರ್ಷ ಜೈಲಿನಲ್ಲಿದ್ದು 2015ರಲ್ಲಿ ಪೆರೋಲ್ ಮೇಲೆ ಹೊರಬಂದರು. 2020ರಲ್ಲಿ ಇಸ್ರೇಲ್‌ಗೆ ಹೋದಾಗ ಪ್ರಧಾನಿ ನೆತನ್ಯಾಹು ಅವರೇ ವಿಮಾನ ನಿಲ್ದಾಣದಲ್ಲಿ ಬರಮಾಡಿಕೊಂಡರು.

ಹುಟ್ಟು ನೋಡಿ ಶಂಕಿಸಿದರೆ?

ಕೃತ್ಯವನ್ನು ಬಿಟ್ಟು ವಂಶವನ್ನು ನೋಡಿದರೆ ಏನಾಗುತ್ತದೆ ಎಂಬುದಕ್ಕೂ ಅಮೆರಿಕದಲ್ಲೇ ಉದಾಹರಣೆಯಿದೆ. ಎರಡನೇ ಮಹಾಯುದ್ಧದಲ್ಲಿ ಜಪಾನ್ ಮೂಲದ ಸುಮಾರು 1.20 ಲಕ್ಷ ಮಂದಿಯನ್ನು ಶಿಬಿರಗಳಲ್ಲಿ ಕೂಡಿಹಾಕಲಾಯಿತು. ಅವರಲ್ಲಿ ಹೆಚ್ಚಿನವರು ಅಮೆರಿಕದ ಪ್ರಜೆಗಳು. ಪಶ್ಚಿಮ ಕರಾವಳಿಯಲ್ಲಿ ಅವರಿಂದ ಬೇಹುಗಾರಿಕೆ ನಡೆದ ಒಂದೇ ಒಂದು ದಾಖಲೆಯೂ ಇಲ್ಲವೆಂದು ಸರ್ಕಾರಿ ಆಯೋಗವೇ ಆಮೇಲೆ ಹೇಳಿತು. 1988ರಲ್ಲಿ ಸರ್ಕಾರ ಕ್ಷಮೆ ಕೋರಿ, ಬದುಕುಳಿದಿದ್ದವರಿಗೆ ತಲಾ 20,000 ಡಾಲರ್ ಪರಿಹಾರ ಘೋಷಿಸಿತು.

ಭಾರತದಲ್ಲಿ ಹೇಗಿದೆ?

ಬೇಹುಗಾರಿಕೆಗೆ 1923ರ ಅಧಿಕೃತ ರಹಸ್ಯ ಕಾಯ್ದೆ ಅನ್ವಯಿಸುತ್ತದೆ. ಅಭ್ಯರ್ಥಿಗಳು, ಶಾಸಕರು, ಸಂಸದರು ಮತ್ತು ಪಕ್ಷಗಳು ವಿದೇಶಿ ದೇಣಿಗೆ ಪಡೆಯುವುದನ್ನು 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ ನಿಷೇಧಿಸುತ್ತದೆ. ಆದರೆ 2016ರಲ್ಲಿ 'ವಿದೇಶಿ ಮೂಲ'ದ ವ್ಯಾಖ್ಯೆಯನ್ನು ಸಡಿಲಿಸಲಾಯಿತು. 2018ರಲ್ಲಿ ಅದನ್ನು 1976ರಿಂದಲೇ ಪೂರ್ವಾನ್ವಯಗೊಳಿಸಲಾಯಿತು. ಲಾಬಿ ಮಾಡುವವರ ನೋಂದಣಿಗೆ ಇಲ್ಲಿ ಪ್ರತ್ಯೇಕ ಕಾಯ್ದೆಯೇ ಇಲ್ಲ. ಹೀಗಾಗಿ ಭಾರತ ವಾಷಿಂಗ್ಟನ್‌ನಲ್ಲಿ ಲಾಬಿಗೆ ಎಷ್ಟು ಖರ್ಚು ಮಾಡಿತು ಎಂಬುದು ಸಾರ್ವಜನಿಕ ದಾಖಲೆಯಲ್ಲಿ ಸಿಗುತ್ತದೆ. ದೆಹಲಿಯಲ್ಲಿ ಯಾರು ಯಾರ ಪರವಾಗಿ ಲಾಬಿ ಮಾಡುತ್ತಾರೆ ಎಂದು ತಿಳಿಯಲು ಅಂಥ ದಾಖಲೆ ಇಲ್ಲ.