21 ಕೆ.ಜಿ. ಸೈಕಲ್, 38 ಕೆ.ಜಿ. ಹುಡುಗಿ

ಬೀದರ್‌ನ ಸೈಕಲ್ ಅಂಗಡಿಯೊಂದರಲ್ಲಿ ಕಪ್ಪು ಬಣ್ಣದ, ಕ್ಯಾರಿಯರ್ ಇರುವ ಸಾದಾ ಸೈಕಲನ್ನು ತೂಕದ ಕೊಕ್ಕೆಗೆ ನೇತುಹಾಕಿದೆ. 21 ಕೆ.ಜಿ. ತೋರಿಸಿತು. ಅಂಗಡಿಯವರು ನಕ್ಕರು: "ಯಾಕ್ರೀ ಸರ, ಗುಜರಿಗೆ ಹಾಕ್ತೀರೇನು?"

ಇನ್ನೊಂದು ತುದಿ ನೋಡಿ. ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಯುಸಿಐ 2000ದಲ್ಲಿ ಒಂದು ನಿಯಮ ತಂದಿತು: ರೇಸಿನ ಸೈಕಲ್ 6.8 ಕೆ.ಜಿ.ಗಿಂತ ಹಗುರ ಇರಬಾರದು. ಅಂದರೆ ಅಲ್ಲಿ ಸಮಸ್ಯೆ ಅತಿಯಾದ ಹಗುರತನದ್ದು! ಸ್ಪೆಷಲೈಜ್ಡ್ ಕಂಪನಿಯ ಎಸ್-ವರ್ಕ್ಸ್ ಟಾರ್ಮ್ಯಾಕ್ ಎಸ್‌ಎಲ್8ರ ಫ್ರೇಮು ಕಂಪನಿಯ ಲೆಕ್ಕದಲ್ಲಿ 685 ಗ್ರಾಂ ಅಷ್ಟೇ. ಪೂರ್ತಿ ಸೈಕಲಿಗೆ ಹತ್ತು ಲಕ್ಷ ರೂಪಾಯಿ ದಾಟುತ್ತದೆ. ನಡುವೆ ಅಲ್ಯೂಮಿನಿಯಂ ರೋಡ್ ಬೈಕುಗಳಿವೆ, ಹತ್ತು-ಹನ್ನೊಂದು ಕೆ.ಜಿ., ಬೆಲೆ ಮೂವತ್ತು ಸಾವಿರದ ಆಸುಪಾಸು.

ಈ ವ್ಯತ್ಯಾಸ ಬರೋದು ಮುಖ್ಯವಾಗಿ ಬಳಸುವ ವಸ್ತುವಿನಿಂದ. ಒಂದು ಘನ ಸೆಂಟಿಮೀಟರ್ ಉಕ್ಕು 7.8 ಗ್ರಾಂ ತೂಗಿದರೆ ಅಲ್ಯೂಮಿನಿಯಂ 2.7, ಕಾರ್ಬನ್ ಫೈಬರ್ ಸುಮಾರು 1.6. ಅಲ್ಯೂಮಿನಿಯಂ ಬೇಗ ಬಾಗುತ್ತದೆ, ಹಾಗಾಗಿ ಅದರ ಕೊಳವೆ ದಪ್ಪ ಇರುತ್ತದೆ. ಕಾರ್ಬನ್ ಫ್ರೇಮನ್ನು ಪದರದ ಮೇಲೆ ಪದರ ಕೈಯಿಂದಲೇ ಕೂರಿಸಬೇಕು, ದುಡ್ಡು ಹೋಗೋದು ಅಲ್ಲಿ. ನಮ್ಮ ಉಕ್ಕಿನ ಸೈಕಲ್ ಭಾರ ಇರೋದಕ್ಕೂ ಕಾರಣವಿದೆ. ಹಾಲಿನ ಕ್ಯಾನ್, ಗ್ಯಾಸ್ ಸಿಲಿಂಡರ್ ಹೊರಬೇಕು. ಫ್ರೇಮು ಬಿರುಕು ಬಿಟ್ಟರೆ ಔರಾದ್‌ನ ಯಾವ ವೆಲ್ಡಿಂಗ್ ಅಂಗಡಿಯಲ್ಲೂ ಬೆಸುಗೆ ಹಾಕಿಸಬಹುದು. ಕಾರ್ಬನ್ ಒಡೆದರೆ ಆ ಮಾತೇ ಇಲ್ಲ.

ಈಗ ಸ್ವಲ್ಪ ಲೆಕ್ಕ (ಎಂಜಿನಿಯರಿಂಗ್ ಓದಿದ್ದು ಇದಕ್ಕಾದರೂ ಉಪಯೋಗಕ್ಕೆ ಬರಲಿ). 65 ಕೆ.ಜಿ.ಯ ರೇಸ್ ಸವಾರನಿಗೆ ಸೈಕಲ್ ತನ್ನ ತೂಕದ ಹತ್ತನೇ ಒಂದು ಭಾಗ. 38 ಕೆ.ಜಿ.ಯ ಎಂಟನೇ ಕ್ಲಾಸಿನ ಹುಡುಗಿಗೆ 21 ಕೆ.ಜಿ. ಅಂದರೆ ತನ್ನ ಅರ್ಧ ತೂಕಕ್ಕೂ ಹೆಚ್ಚು. ಪಾಟೀಚೀಲ ಬೇರೆ. ಸಮತಟ್ಟು ರಸ್ತೆಯಲ್ಲಿ ಇದು ಅಷ್ಟು ಕಾಡಲ್ಲ, ಅಲ್ಲಿ ಎದುರುಗಾಳಿ ಮತ್ತು ಗಾಳಿ ಕಡಿಮೆಯಾದ ಟೈರೇ ದೊಡ್ಡ ಶತ್ರು. ದಿಬ್ಬ ಬಂದಾಗ ಕಥೆ ಬದಲಾಗುತ್ತದೆ. ಅದೇ ಹುಡುಗಿಗೆ 13 ಕೆ.ಜಿ. ಸೈಕಲ್ ಕೊಟ್ಟರೆ ಮೇಲಕ್ಕೆ ಎತ್ತಬೇಕಾದ ಒಟ್ಟು ಭಾರ 59ರಿಂದ 51ಕ್ಕೆ ಇಳಿಯುತ್ತದೆ, ಶ್ರಮದಲ್ಲಿ ನೂರಕ್ಕೆ ಹದಿಮೂರರಷ್ಟು ಉಳಿತಾಯ. ರೇಸಿನವನು ಲಕ್ಷ ಸುರಿದು 200 ಗ್ರಾಂ ಇಳಿಸಿದರೆ ಸಿಗೋದು ನೂರಕ್ಕೆ ಅರ್ಧವೂ ಇಲ್ಲ.

ಬೀದರ್‌ನಲ್ಲಿ ದಿಬ್ಬ ಎಲ್ಲಿದೆ ಅಂತೀರಾ? ಊರು ಕೂತಿರೋದೇ ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿ ಮೇಲೆ. ಔರಾದ್ ಕಡೆ ಹೊರಟರೆ ಇಳಿದು ಮಾಂಜ್ರಾ ದಾಟಬೇಕು. ವಾಪಸ್ ಬರುವಾಗ ಅಷ್ಟನ್ನೂ ಏರಬೇಕು. ಭಾಲ್ಕಿ ಕಡೆಯ ಕಪ್ಪು ಮಣ್ಣಿನ ಹೊಲದ ದಾರಿಯಲ್ಲಿ ಮಳೆಗಾಲಕ್ಕೆ ಕೆಸರು ಮಡ್‌ಗಾರ್ಡಿಗೆ ಮೆತ್ತಿಕೊಂಡು ಗಾಲಿ ತಿರುಗೋದೇ ಇಲ್ಲ. ಆಗ ಸೈಕಲ್ಲೇ ಸವಾರರ ಮೇಲೆ ಏರಿ ಕೂರುತ್ತದೆ.

ರಾಜ್ಯ ಸರ್ಕಾರ 2006-07ರಲ್ಲಿ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರುಮಾಡಿತು. ಮುಂದೆ ಕಳಪೆ ಗುಣಮಟ್ಟದ ದೂರುಗಳೂ ಬಂದವು. ಕೋವಿಡ್ ಕಾಲಕ್ಕೆ ನಿಂತ ವಿತರಣೆ ಶಾಲೆ ತೆರೆದ ಮೇಲೂ ಶುರುವಾಗಲಿಲ್ಲ. ಬಿಹಾರ ಅದೇ 2006ರಲ್ಲಿ ಹೆಣ್ಣುಮಕ್ಕಳಿಗೆ ಇಂಥದ್ದೇ ಯೋಜನೆ ತಂದಿತ್ತು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅಲ್ಲಿ ಪ್ರೌಢಶಾಲೆ ಸೇರುವ ಹುಡುಗಿಯರ ಪ್ರಮಾಣ ಶೇ 32ರಷ್ಟು ಏರಿತು. ಶಾಲೆ ಮೂರು ಕಿ.ಮೀ.ಗಿಂತ ದೂರ ಇದ್ದ ಊರುಗಳಲ್ಲಿ ಪರಿಣಾಮ ಇನ್ನೂ ಜೋರು. 'ಶಕ್ತಿ' ಬಂತಲ್ಲ, ಬಸ್ಸು ಫ್ರೀ, ಸೈಕಲ್ ಯಾಕೆ ಅನ್ನೋರಿದ್ದಾರೆ. ಶಕ್ತಿ ಒಳ್ಳೆಯದೇ. ಆದರೆ ಔರಾದ್‌ನ ತಾಂಡಾದ ಹುಡುಗಿ ಬಸ್ ನಿಲ್ಲೋ ಜಾಗದವರೆಗೆ ಹೋಗೋದು ಹೆಂಗ?

ತೆರಿಗೆಯ ಕಥೆ ಕೇಳಿ. 2019ರ ಆಗಸ್ಟ್‌ನಿಂದ ಎಲೆಕ್ಟ್ರಿಕ್ ಕಾರಿಗೆ ಶೇ 5 ಜಿಎಸ್‌ಟಿ. ಸೈಕಲಿಗೆ ಶೇ 12! ಇದು ಸರಿಹೋಗಿ ಸೈಕಲಿಗೂ ಶೇ 5 ಆಗಿದ್ದು 2025ರ ಸೆಪ್ಟೆಂಬರ್ 22ಕ್ಕೆ. ಆರು ವರ್ಷ ಈ ಅಂತರ ಹಾಗೇ ಇತ್ತು.

ಮಕ್ಕಳಿಗೆ ಕಾರ್ಬನ್ ಕೊಡಿ ಅಂತ ನಾನು ಕೇಳ್ತಿಲ್ಲ. ಯೋಜನೆ ಮತ್ತೆ ಶುರುವಾದರೆ ಟೆಂಡರಿನಲ್ಲಿ ಎರಡು ಸಾಲು ಇರಲಿ: ತೂಕ ಇಷ್ಟಕ್ಕಿಂತ ಹೆಚ್ಚಿರಬಾರದು, ಫ್ರೇಮು ಎರಡು ಅಳತೆಯಲ್ಲಿ ಸಿಗಬೇಕು. ಸ್ವಲ್ಪ ಉತ್ತಮ ಉಕ್ಕಿನ ತೆಳು ಕೊಳವೆ, ಅಲ್ಯೂಮಿನಿಯಂ ರಿಮ್ಮು ಹಾಕಿದರೆ ಐದಾರು ಕೆ.ಜಿ. ಇಳಿಸೋದು ಕಷ್ಟವಲ್ಲ. ಬೆಲೆ ಒಂದಿಷ್ಟು ಏರುತ್ತದೆ, ಹೌದು. 371(ಜೆ) ಅಡಿ ಬಂದ ಕಲ್ಯಾಣ ಕರ್ನಾಟಕ ಮಂಡಳಿಗೆ ವರ್ಷಕ್ಕೆ 5,000 ಕೋಟಿ ಘೋಷಿಸುವ ಬಜೆಟ್‌ಗಳಲ್ಲಿ ಅದು ದೊಡ್ಡ ಮೊತ್ತವೇನಲ್ಲ. ನಿಮ್ಮ ಶಾಸಕರು ಸಿಕ್ಕರೆ ಒಮ್ಮೆ ಕೇಳಿ. ತೂಕದ ಕೊಕ್ಕೆ ನನ್ನ ಹತ್ರ ಐತಿ.