ಸಿಡುಬು ಕೊನೆಯ ಬಲಿ ತಗೊಂಡಿದ್ದು ಒಂದು ಕಾಲೇಜಿನಲ್ಲಿ

ನಿಮ್ಮ ಮನೆಯಲ್ಲಿ ಅರವತ್ತು ದಾಟಿದ ಹಿರಿಯರಿದ್ದರೆ ಒಮ್ಮೆ ಅವರ ತೋಳು ನೋಡಿ. ಚರ್ಮ ಗುಳಿಬಿದ್ದಂಥ ಗುರುತು ಕಾಣಿಸುತ್ತೆ. ಏನಿದು ಅಂತ ಕೇಳಿದರೆ, ‘ದೇವಿ ಹಾಕಿಸಿದ್ದು’ ಅಂತಾರೆ. ಸಿಡುಬಿಗೆ ನಮ್ಮ ಜನ ರೋಗ ಅಂತ ಕರೆಯೋಕೂ ಹೆದರುತ್ತಿದ್ದರು. ಅಮ್ಮ ಬಂದಿದ್ದಾಳೆ ಅಂತ ಬೇವಿನ ಸೊಪ್ಪು ಕಟ್ಟುತ್ತಿದ್ದರು. ಊರಿಗೆ ಊರೇ ಖಾಲಿ ಮಾಡಿಸುತ್ತಿದ್ದ ಆ ಮಾರಿ, ಮನುಷ್ಯ ಪೂರ್ತಿಯಾಗಿ ನಿರ್ನಾಮ ಮಾಡಿದ ಮೊದಲ ಸಾಂಕ್ರಾಮಿಕ ರೋಗ.

ಸರಿ, ಹಾಗಾದರೆ ಆ ಸಿಡುಬಿಗೆ ಜಗತ್ತಿನಲ್ಲಿ ಕೊನೆಯದಾಗಿ ಸತ್ತವರು ಯಾರು? ಎಲ್ಲಿ?

ಈ ಪ್ರಶ್ನೆ ಕೇಳಿದರೆ ಬಹುತೇಕರು ಆಫ್ರಿಕಾದ ಯಾವುದೋ ಹಳ್ಳಿ ಅಂತಾರೆ. ಅಲ್ಲ. ಸ್ವಾಭಾವಿಕವಾಗಿ ಸಿಡುಬು ತಗುಲಿದ ಕೊನೆಯ ವ್ಯಕ್ತಿ ಸೊಮಾಲಿಯಾದವನು ನಿಜ. ಅಲಿ ಮಾವ್ ಮಾಲಿನ್ ಅಂತ, ಆಸ್ಪತ್ರೆಯಲ್ಲಿ ಅಡುಗೆ ಮಾಡುತ್ತಿದ್ದ ಯುವಕ. 1977ರ ಅಕ್ಟೋಬರ್‌ನಲ್ಲಿ ಅವನಿಗೆ ಸಿಡುಬು ಬಂತು, ಬದುಕಿಕೊಂಡ. ಅದಾಗಿ ಒಂದು ವರ್ಷ ತುಂಬುವ ಮೊದಲೇ ಸಿಡುಬು ಮತ್ತೆ ಎದ್ದು ಬಂದು ಒಂದು ಜೀವ ತಗೊಂಡಿತು. ಅದು ಇಂಗ್ಲೆಂಡಿನ ಎರಡನೇ ದೊಡ್ಡ ನಗರ ಬರ್ಮಿಂಗ್‌ಹ್ಯಾಮ್‌ನಲ್ಲಿ. ವಿಶ್ವವಿದ್ಯಾಲಯದ ಮೆಡಿಕಲ್ ಕಾಲೇಜಿನ ಕಟ್ಟಡದಲ್ಲಿ ಕೆಲಸ ಮಾಡುತ್ತಿದ್ದ ಮಹಿಳೆಯೊಬ್ಬರಿಗೆ.

ಅವರ ಹೆಸರು ಜಾನೆಟ್ ಪಾರ್ಕರ್. ವಯಸ್ಸು 40. ಡಾಕ್ಟರ್ ಅಲ್ಲ, ವಿಜ್ಞಾನಿ ಅಲ್ಲ, ಲ್ಯಾಬ್ ಸಹಾಯಕಿಯೂ ಅಲ್ಲ. ಅಂಗರಚನಾ ವಿಭಾಗದಲ್ಲಿ ಫೋಟೋಗ್ರಾಫರ್. ಪಾಠಕ್ಕೆ, ಸಂಶೋಧನೆಗೆ ಬೇಕಾದ ಚಿತ್ರ ತೆಗೆಯೋದು, ಡಾರ್ಕ್‌ರೂಮ್‌ನಲ್ಲಿ ಕೂತು ತೊಳೆಯೋದು, ಇದು ಅವರ ಉದ್ಯೋಗ. ಅವರಿಗೂ ಸಿಡುಬಿಗೂ ಎತ್ತಣ ಸಂಬಂಧ? ಸಂಬಂಧ ಒಂದೇ. ಅವರು ಕೆಲಸ ಮಾಡುತ್ತಿದ್ದ ಜಾಗದ ಕೆಳಗಿನ ಮಹಡಿಯಲ್ಲಿ ಸಿಡುಬಿನ ವೈರಾಣುಗಳನ್ನು ಇಟ್ಟುಕೊಂಡಿದ್ದ ಪ್ರಯೋಗಾಲಯ ಇತ್ತು.

ಈ ಪ್ರಯೋಗಾಲಯದ ಮುಖ್ಯಸ್ಥ ಪ್ರೊಫೆಸರ್ ಹೆನ್ರಿ ಬೆಡ್ಸನ್. ಸಣ್ಣ ಮನುಷ್ಯ ಅಲ್ಲ. ಸಿಡುಬು ನಿರ್ಮೂಲನೆ ಆದಮೇಲೆ ಅದರ ದಾಯಾದಿ ವೈರಾಣುಗಳು ಪ್ರಾಣಿಗಳಿಂದ ಮತ್ತೆ ಮನುಷ್ಯರಿಗೆ ಹಾರಬಹುದಾ ಅನ್ನೋದು ಆಗ ದೊಡ್ಡ ಪ್ರಶ್ನೆ. ಆ ಪ್ರಶ್ನೆಯ ಮೇಲೆ ಕೆಲಸ ಮಾಡುತ್ತಿದ್ದ ವಿದ್ವಾಂಸ. ಆದರೆ ವಿಶ್ವ ಆರೋಗ್ಯ ಸಂಸ್ಥೆಗೆ ಇಂಥ ಲ್ಯಾಬ್‌ಗಳ ಮೇಲೆಯೇ ಭಯ ಶುರುವಾಗಿತ್ತು. ರೋಗ ಊರಿನಿಂದ ಹೋಯಿತು, ಇನ್ನು ಉಳಿದಿರೋದು ಶೀಷೆಯಲ್ಲಿ. ಹಾಗಾಗಿ ಲ್ಯಾಬ್‌ಗಳ ಸಂಖ್ಯೆ ಇಳಿಸಬೇಕು ಅಂತ ತೀರ್ಮಾನ ಆಯಿತು. ಅಧಿಕೃತ ಕೇಂದ್ರದ ಮಾನ್ಯತೆ ಕೇಳಿದ್ದ ಬೆಡ್ಸನ್‌ಗೆ ಸಿಗಲಿಲ್ಲ. 1978ರಲ್ಲಿ ಬಂದು ನೋಡಿದ ಪರಿಶೀಲಕರು, ನಿಮ್ಮ ವ್ಯವಸ್ಥೆ ಸಾಲದು ಅಂದರು. ಒಳಗೆ ಹೋಗಿ ಬರೋರಿಗೆ ಸ್ನಾನದ ವ್ಯವಸ್ಥೆಯೇ ಇರಲಿಲ್ಲ. ವರ್ಷದ ಕೊನೆಗೆ ಲ್ಯಾಬ್ ಮುಚ್ಚುತ್ತೇವಲ್ಲ, ಈಗ ಯಾಕೆ ದುಡ್ಡು ಸುರಿಯೋದು ಅನ್ನೋ ಲೆಕ್ಕಾಚಾರ ಕಾಲೇಜಿನ ಕಡೆ. ಮುಚ್ಚುವ ದಿನ ಹತ್ತಿರ ಬರುತ್ತಿದ್ದ ಹಾಗೆ ಬೆಡ್ಸನ್ ಕೆಲಸ ಕಡಿಮೆ ಮಾಡಲಿಲ್ಲ, ಜಾಸ್ತಿ ಮಾಡಿದರು. ಕೆಲಸ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ ಅಂತ ವಿಶ್ವ ಆರೋಗ್ಯ ಸಂಸ್ಥೆಗೆ ಹೇಳಿದ್ದು ಒಂದು, ನಡೆದಿದ್ದು ಇನ್ನೊಂದು.

ಇಲ್ಲಿ ನಿಮಗೆ ಒಂದು ಹಳೆಯ ಪುಟ ತೆಗೆದು ತೋರಿಸಬೇಕು. 1966. ಅದೇ ಬರ್ಮಿಂಗ್‌ಹ್ಯಾಮ್, ಅದೇ ಮೆಡಿಕಲ್ ಕಾಲೇಜು. ಅಲ್ಲಿ ಒಬ್ಬರಿಗೆ ಸೌಮ್ಯ ರೂಪದ ಸಿಡುಬು ಬಂದಿತ್ತು. ಆ ವರ್ಷದ ಹರಡುವಿಕೆಯಲ್ಲಿ 70ಕ್ಕೂ ಹೆಚ್ಚು ಜನರಿಗೆ ಸೋಂಕು ತಗುಲಿತು. ಆ ಒಬ್ಬರು ಏನು ಕೆಲಸ ಮಾಡುತ್ತಿದ್ದರು ಗೊತ್ತಾ? ಫೋಟೋಗ್ರಾಫರ್! ಹನ್ನೆರಡು ವರ್ಷದ ಹಿಂದೆ ಇದೇ ಕಾಲೇಜಿನಲ್ಲಿ, ಇದೇ ಹುದ್ದೆಯವರಿಗೆ ಇದೇ ರೋಗ ಬಂದಿತ್ತು. ಒಂದು ಕಾರ್ಖಾನೆಯಲ್ಲಿ ಹೀಗಾಗಿದ್ದರೆ ಮೇಸ್ತ್ರಿಯಾದರೂ ಅಲ್ಲಿ ಏನೋ ಇದೆ ನೋಡ್ರಪ್ಪಾ ಅಂತಿದ್ದ. ಕಾಲೇಜಿನಲ್ಲಿ ಮೇಸ್ತ್ರಿ ಇರೋಲ್ಲವಲ್ಲ.

1973ರಲ್ಲಿ ಇನ್ನೊಂದು. ಈ ಸಲ ಲಂಡನ್. ಅಲ್ಲಿನ ಪ್ರಸಿದ್ಧ ಸಾರ್ವಜನಿಕ ಆರೋಗ್ಯ ಕಾಲೇಜಿನಲ್ಲಿ ಬೇರೆ ವಿಭಾಗದ 23 ವರ್ಷದ ಸಹಾಯಕಿಯೊಬ್ಬಳು, ಕೋಳಿ ಮೊಟ್ಟೆಯಲ್ಲಿ ಬೆಳೆಸಿದ ಸಿಡುಬಿನ ವೈರಾಣು ತೆಗೆಯೋದನ್ನು ನಿಂತು ನೋಡಿದಳು. ಬರೀ ನೋಡಿದ್ದು. ಅವಳಿಗೆ ಸೋಂಕು ತಗುಲಿತು, ಆದರೆ ಬದುಕಿದಳು. ಆಸ್ಪತ್ರೆಯಲ್ಲಿ ಅವಳ ಪಕ್ಕದ ಹಾಸಿಗೆಯ ರೋಗಿಯನ್ನು ಮಾತಾಡಿಸಲು ಬಂದಿದ್ದ ಇಬ್ಬರು ಸತ್ತರು.

ಕಾನೂನು ಏನು ಮಾಡುತ್ತಿತ್ತು ಅಂತ ನೀವು ಕೇಳಬಹುದು. ಬ್ರಿಟನ್‌ನಲ್ಲಿ ಕಾರ್ಖಾನೆಗೆ ಒಂದು ಕಾನೂನು, ಗಣಿಗೆ ಒಂದು, ಅಂಗಡಿ-ಆಫೀಸಿಗೆ ಇನ್ನೊಂದು ಇತ್ತು. ಕಾಲೇಜಿಗೆ? ಅದು ಸರಸ್ವತಿ ಮಂದಿರ, ಅಲ್ಲಿ ಯಾರಿಗೆ ಏನಾಗುತ್ತೆ ಅನ್ನೋ ಧೋರಣೆ ನಮ್ಮದೊಂದೇ ಅಲ್ಲ, ಅವರದ್ದೂ ಆಗಿತ್ತು. 1972ರಲ್ಲಿ ಲಾರ್ಡ್ ರಾಬೆನ್ಸ್ ಸಮಿತಿ ಈ ಚಿಂದಿ ಚಿಂದಿ ಕಾನೂನುಗಳನ್ನು ಒಟ್ಟುಮಾಡಿ ಅಂತ ವರದಿ ಕೊಟ್ಟಿತು. (ಈ ರಾಬೆನ್ಸ್ ಯಾರು ಗೊತ್ತಾ? 1966ರಲ್ಲಿ ಕಲ್ಲಿದ್ದಲ ತ್ಯಾಜ್ಯದ ಗುಡ್ಡ ಅಬರ್‌ಫಾನ್ ಶಾಲೆಯ ಮೇಲೆ ಕುಸಿದು 116 ಮಕ್ಕಳು ಸತ್ತಾಗ ಕಲ್ಲಿದ್ದಲು ಮಂಡಳಿಯ ಅಧ್ಯಕ್ಷರಾಗಿದ್ದವರು. ಇತಿಹಾಸಕ್ಕೆ ಇಂಥ ವ್ಯಂಗ್ಯ ಹೊಸದಲ್ಲ ಬಿಡಿ.) ಆ ವರದಿಯಿಂದ 1974ರ ಆರೋಗ್ಯ ಮತ್ತು ಸುರಕ್ಷತಾ ಕಾಯ್ದೆ ಹುಟ್ಟಿತು. ಮೊದಲ ಬಾರಿಗೆ ಶಾಲೆ, ಕಾಲೇಜು, ಆಸ್ಪತ್ರೆಗಳಲ್ಲಿ ದುಡಿಯುವವರೂ ಕಾನೂನಿನ ಕೊಡೆಯ ಕೆಳಗೆ ಬಂದರು. ಕಾಯ್ದೆ ಹೇಳಿದ್ದು ಸರಳ. ಕೆಲಸಕ್ಕೆ ಇಟ್ಟುಕೊಂಡವನು ತನ್ನ ನೌಕರರ ಆರೋಗ್ಯ ಮತ್ತು ಸುರಕ್ಷತೆಯನ್ನು ಸಾಧ್ಯವಿರುವ ಮಟ್ಟಿಗೆ ಕಾಪಾಡಬೇಕು. ತನ್ನ ಕೆಲಸದಿಂದ ಹೊರಗಿನವರಿಗೂ ಅಪಾಯ ಆಗದ ಹಾಗೆ ನೋಡಿಕೊಳ್ಳಬೇಕು. ಕಾರ್ಮಿಕ ಸಂಘಗಳು ಸುರಕ್ಷತಾ ಪ್ರತಿನಿಧಿಗಳನ್ನು ನೇಮಿಸಿ ಕೆಲಸದ ಜಾಗ ಪರಿಶೀಲಿಸಬಹುದು ಅನ್ನೋ ನಿಯಮವೂ ಆಮೇಲೆ ಬಂತು. ಅದು ಜಾರಿಯಾದದ್ದು 1978ರ ಅಕ್ಟೋಬರ್ 1ಕ್ಕೆ.

ಜಾನೆಟ್ ಪಾರ್ಕರ್ ಅಷ್ಟೊತ್ತಿಗೆ ಇರಲಿಲ್ಲ.

ಆಗಸ್ಟ್ 11ರಂದು ಅವರಿಗೆ ತಲೆನೋವು, ಮೈಕೈ ನೋವು. ಆಮೇಲೆ ಮೈಮೇಲೆ ಗುಳ್ಳೆ. ಸಿಡುಬು ಅಂತ ಯಾರಿಗೆ ಹೊಳೆಯಬೇಕು? ಜಗತ್ತಿನಲ್ಲೇ ಇಲ್ಲದ ರೋಗ ಅದು! ಆಗಸ್ಟ್ 24ರಂದು ಆಸ್ಪತ್ರೆಗೆ ಸೇರಿಸಿದಾಗ ಅಲ್ಲಿನ ತಜ್ಞರಿಗೆ ಅನುಮಾನ ಬಂತು. ಗುಳ್ಳೆಯ ದ್ರವ ತೆಗೆದು ಪರೀಕ್ಷೆಗೆ ಕೊಟ್ಟರು. ಆ ಊರಿನಲ್ಲಿ ಸಿಡುಬಿನ ವೈರಾಣು ಗುರುತು ಹಿಡಿಯಬಲ್ಲ ತಜ್ಞ ಯಾರು? ಬೆಡ್ಸನ್. ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ನೋಡಿದ್ದು ಅವರೇ. ಆ ಕ್ಷಣದಲ್ಲಿ ಆ ಮನುಷ್ಯನ ಎದೆಯಲ್ಲಿ ಏನು ನಡೆದಿರಬಹುದು, ನೀವೇ ಊಹಿಸಿಕೊಳ್ಳಿ.

ಮುಂದಿನ ಎರಡು ವಾರ ಆ ಕುಟುಂಬದ ಮೇಲೆ ಬಿದ್ದದ್ದನ್ನು ಹೇಳೋಕೆ ನನಗೇ ಕಷ್ಟ ಆಗುತ್ತೆ. ಪ್ರತ್ಯೇಕ ವಾಸದಲ್ಲಿದ್ದ ಜಾನೆಟ್ ಅವರ ತಂದೆ ಸೆಪ್ಟೆಂಬರ್ 5ರಂದು ತೀರಿಕೊಂಡರು, ಹೃದಯ ನಿಂತು. ತಾಯಿಗೂ ಸಿಡುಬು ತಗುಲಿತು. ಸೆಪ್ಟೆಂಬರ್ 11ರಂದು ಜಾನೆಟ್ ಹೋದರು. ತಾಯಿ ಬದುಕಿದರು, ಆದರೆ ಗಂಡನ ಅಂತ್ಯಕ್ರಿಯೆಗೂ ಮಗಳ ಅಂತ್ಯಕ್ರಿಯೆಗೂ ಹೋಗುವ ಸ್ಥಿತಿಯಲ್ಲಿ ಇರಲಿಲ್ಲ. ಊರಿನಲ್ಲಿ ನೂರಾರು ಜನಕ್ಕೆ ದೇವಿ ಹಾಕಿದರು, ಇನ್ನೂರಕ್ಕೂ ಹೆಚ್ಚು ಮಂದಿಯನ್ನು ಮನೆಯಲ್ಲೇ ಇರಿಸಿದರು. ರೋಗ ಅಲ್ಲಿಗೇ ನಿಂತಿತು. ಜಾನೆಟ್ ಕೊನೆಯದಾಗಿ ದೇವಿ ಹಾಕಿಸಿಕೊಂಡದ್ದು 1966ರಲ್ಲಿ. ಅದರ ಶಕ್ತಿ ಕುಂದಿ ಎಷ್ಟೋ ವರ್ಷ ಆಗಿತ್ತು. ಕೆಳಗಿನ ಲ್ಯಾಬ್‌ನವರಿಗೆ ಲಸಿಕೆ ಹಾಕಿಸುತ್ತಿದ್ದರು. ಮೇಲಿನ ಮಹಡಿಯವರಿಗೆ ಲಸಿಕೆ ಯಾಕೆ ಅಂತ ಯಾರೂ ಯೋಚಿಸಿರಲಿಲ್ಲ.

ಬೆಡ್ಸನ್ ಮನೆ ಮುಂದೆ ಪತ್ರಕರ್ತರ ಹಿಂಡು ಬೀಡುಬಿಟ್ಟಿತ್ತು. ನಮ್ಮ ವೃತ್ತಿಯ ಈ ಚಾಳಿಗೆ ದೇಶ, ಕಾಲದ ಭೇದ ಇಲ್ಲ. ಒಬ್ಬ ಮನುಷ್ಯನನ್ನು ಖಳನಾಯಕ ಮಾಡಿದರೆ ಸುದ್ದಿ ಸುಲಭ. ಕಾಲೇಜಿನ ಸುರಕ್ಷತಾ ಸಮಿತಿಯ ನಡಾವಳಿ ಓದೋಕೆ ಯಾರಿಗೆ ಪುರುಸೊತ್ತಿದೆ? ಸೆಪ್ಟೆಂಬರ್ 6ರಂದು ಬೆಡ್ಸನ್ ಮನೆಯಲ್ಲೇ ಆತ್ಮಹತ್ಯೆಗೆ ಯತ್ನಿಸಿದರು, ಮರುದಿನ ಆಸ್ಪತ್ರೆಯಲ್ಲಿ ಸತ್ತರು. ಜಾನೆಟ್‌ಗಿಂತ ನಾಲ್ಕು ದಿನ ಮೊದಲು.

ಸರ್ಕಾರ ಪ್ರೊಫೆಸರ್ ಶೂಟರ್ ನೇತೃತ್ವದಲ್ಲಿ ತನಿಖೆಗೆ ಆದೇಶ ಮಾಡಿತು. ವರದಿಯನ್ನು ಸರ್ಕಾರ ಹೊರಗೆ ಬಿಡುವ ಮೊದಲೇ 1979ರ ಜನವರಿಯಲ್ಲಿ ಒಂದು ಕಾರ್ಮಿಕ ಸಂಘದ ನಾಯಕ ಕ್ಲೈವ್ ಜೆಂಕಿನ್ಸ್ ಬಹಿರಂಗ ಮಾಡಿಬಿಟ್ಟರು. ವರದಿ ಹೇಳಿದ್ದು ಏನು? ಜಾನೆಟ್‌ಗೆ ತಗುಲಿದ್ದು ಲ್ಯಾಬ್‌ನಲ್ಲಿದ್ದ ವೈರಾಣುವೇ. ದಾರಿ ಯಾವುದು? ಮೂರು ಸಾಧ್ಯತೆ: ಗಾಳಿ, ವ್ಯಕ್ತಿ, ಅಥವಾ ಸೋಂಕು ಹತ್ತಿದ ಸಾಮಾನು. ಶೂಟರ್ ಒಲವು ಗಾಳಿಯ ಕಡೆ. ಪೈಪು, ತಂತಿ ಹಾಯಲು ಬಿಟ್ಟ ಕಂಡಿ ಕೆಳಗಿನ ಮಹಡಿಯಿಂದ ಮೇಲಕ್ಕೆ ಹೋಗುತ್ತಿತ್ತು. ಆ ಕಂಡಿಗೆ ಹೊಂದಿಕೊಂಡ ಕೋಣೆಯಲ್ಲಿ ಒಂದು ಫೋನ್. ಜುಲೈ ಕೊನೆಯಲ್ಲಿ ಫೋಟೋ ಸಾಮಗ್ರಿ ತರಿಸೋಕೆ ಜಾನೆಟ್ ಅಲ್ಲಿಂದಲೇ ಫೋನ್ ಮೇಲೆ ಫೋನ್ ಮಾಡಿದ್ದರು.

1974ರ ಕಾಯ್ದೆಯಡಿ ವಿಶ್ವವಿದ್ಯಾಲಯದ ಮೇಲೆ ಮೊಕದ್ದಮೆ ಬಿತ್ತು. 1979ರ ಅಕ್ಟೋಬರ್‌ನಲ್ಲಿ ಬರ್ಮಿಂಗ್‌ಹ್ಯಾಮ್ ಮ್ಯಾಜಿಸ್ಟ್ರೇಟ್ ಕೋರ್ಟ್. ವೈರಾಣು ಕಂಡಿಯ ಮೂಲಕ ಮೇಲೆ ಹೋಗಿ ರೋಗ ತರೋದು ಸಾಧ್ಯವೇ ಇಲ್ಲ ಅನ್ನೋದು ವಿಶ್ವವಿದ್ಯಾಲಯದ ವಾದ. ತೀರ್ಪು: ವಿಶ್ವವಿದ್ಯಾಲಯ ನಿರ್ದೋಷಿ.

ಕಾನೂನಿನ ಪ್ರಕಾರ ತೀರ್ಪಿಗೆ ಕಾರಣ ಇದೆ. ರೋಗ ಹೇಗೆ ದಾಟಿತು ಅನ್ನೋದನ್ನು ಅನುಮಾನಕ್ಕೆ ಎಡೆಯಿಲ್ಲದ ಹಾಗೆ ಸಾಬೀತು ಮಾಡೋದು ಸುಲಭ ಇರಲಿಲ್ಲ. ಆದರೆ ನನ್ನ ತಲೆ ಕೆಡಿಸೋದು ಬೇರೆ. ಗಾಳಿಯಲ್ಲೋ, ಯಾರದೋ ಕೈಯಲ್ಲೋ, ವೈರಾಣು ಆ ಕಟ್ಟಡದಿಂದಲೇ ಬಂತು. ಆ ಕಟ್ಟಡ ಕಾಲೇಜಿನದು, ಸಂಬಳ ಕೊಟ್ಟಿದ್ದು ಕಾಲೇಜು. ಸತ್ತ ಪ್ರೊಫೆಸರ್ ತಲೆಗೆ ಅಪರಾಧ ಅಂಟಿಕೊಂಡಿತು, ಬದುಕಿದ ಸಂಸ್ಥೆಗೆ ಏನೂ ಅಂಟಲಿಲ್ಲ. ಸಂಘ ಕೈಬಿಡಲಿಲ್ಲ, ಪರಿಹಾರಕ್ಕೆ ಹೋರಾಡಿತು. 1981ರಲ್ಲಿ ಜಾನೆಟ್ ಅವರ ಪತಿಗೆ 25,000 ಪೌಂಡ್ ಸಿಕ್ಕಿತು. ಅಷ್ಟರಲ್ಲಿ, 1980ರ ಮೇ 8ರಂದು, ಜಗತ್ತು ಸಿಡುಬು ಮುಕ್ತ ಅಂತ ಜಿನೀವಾದಲ್ಲಿ ಘೋಷಣೆ ಆಗಿತ್ತು. ವೈರಾಣು ಇಟ್ಟುಕೊಂಡಿದ್ದ ಲ್ಯಾಬ್‌ಗಳು ಒಂದೊಂದಾಗಿ ಖಾಲಿಯಾಗಿ ಕೊನೆಗೆ ಅಮೆರಿಕದ ಒಂದು, ರಷ್ಯಾದ ಒಂದು ಮಾತ್ರ ಉಳಿದವು. ಅದಕ್ಕೆ ದೊಡ್ಡ ಒತ್ತಡ ಕೊಟ್ಟಿದ್ದು ಬರ್ಮಿಂಗ್‌ಹ್ಯಾಮ್‌ನ ಸಾವೇ.

ಕಾಲೇಜು ಅನ್ನೋದು ಪಾಠಶಾಲೆಯಾ, ಕೆಲಸದ ಜಾಗವಾ? ಈ ಪ್ರಶ್ನೆ ಅದೇ 1978ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಮುಂದೆಯೂ ಬಂದಿತ್ತು. ಅದೂ ನಮ್ಮ ಬೆಂಗಳೂರಿನ ಜಲಮಂಡಳಿ ನೌಕರರ ಪ್ರಕರಣದಲ್ಲಿ! ಫೆಬ್ರವರಿ 21ರಂದು ಏಳು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬರೆದ ಆ ತೀರ್ಪಿನ ಪ್ರಕಾರ ಶಿಕ್ಷಣ ಸಂಸ್ಥೆಯೂ ಒಂದು ಉದ್ಯಮವೇ. ಅದು ಕೈಗಾರಿಕಾ ವಿವಾದ ಕಾಯ್ದೆಯ ಮಾತು, ವಜಾ, ದಂಡ, ಸಂಬಳದ ಜಗಳಕ್ಕೆ ಸಂಬಂಧಪಟ್ಟದ್ದು. 1988ರಲ್ಲಿ ಅದೇ ಕೋರ್ಟ್, ಆ ಕಾಯ್ದೆಯಡಿ ಶಿಕ್ಷಕರು ‘ಕಾರ್ಮಿಕ’ರಲ್ಲ ಅಂದಿತು. ಇನ್ನು ಸುರಕ್ಷತೆಯ ಮಾತಿಗೆ ಬಂದರೆ 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆ ನೋಡುತ್ತಿದ್ದದ್ದು ತಯಾರಿಕೆ ನಡೆಯುವ ಜಾಗವನ್ನು. ಗ್ಯಾಸ್ ಸಿಲಿಂಡರ್, ಆಸಿಡ್ ಇಟ್ಟುಕೊಂಡು ಪ್ರಯೋಗ ನಡೆಸುವ ಕಾಲೇಜು ಆ ವ್ಯಾಖ್ಯೆಯೊಳಗೆ ಸುಲಭಕ್ಕೆ ಹಿಡಿಸುತ್ತಿರಲಿಲ್ಲ.

ಪರಿಣಾಮ? ದೆಹಲಿ ವಿಶ್ವವಿದ್ಯಾಲಯದ ರಸಾಯನ ಶಾಸ್ತ್ರ ವಿಭಾಗ ಕೆನಡಾದಿಂದ ತರಿಸಿದ್ದ ಗಾಮಾ ಯಂತ್ರ 1985ರಿಂದ ಮೂಲೆ ಸೇರಿತ್ತು. ಒಳಗೆ ವಿಕಿರಣ ಸೂಸುವ ಕೋಬಾಲ್ಟ್-60. 2010ರ ಫೆಬ್ರವರಿಯಲ್ಲಿ ಅದನ್ನು ಗುಜರಿಗೆ ಹರಾಜು ಹಾಕಿದರು! ಮಾಯಾಪುರಿಯ ಗುಜರಿ ಅಂಗಡಿಯಲ್ಲಿ ಅದನ್ನು ಬಿಚ್ಚಿದವರಿಗೆ ಒಳಗೆ ಹೊಳೆಯುತ್ತಿರೋದು ಏನು ಅಂತ ಗೊತ್ತಿರಲಿಲ್ಲ. ಹಲವರು ಆಸ್ಪತ್ರೆ ಸೇರಿದರು, ಒಬ್ಬ ಏಪ್ರಿಲ್‌ನಲ್ಲಿ ಸತ್ತ. ವಿಶ್ವವಿದ್ಯಾಲಯಕ್ಕೆ ಅಣುಶಕ್ತಿ ನಿಯಂತ್ರಣ ಮಂಡಳಿ ಕಾರಣ ಕೇಳಿ ನೋಟಿಸ್ ಕೊಟ್ಟಿತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2018ರ ಡಿಸೆಂಬರ್ 5ರ ಮಧ್ಯಾಹ್ನ ಆದದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಆಘಾತ ತರಂಗಗಳ ಪ್ರಯೋಗಾಲಯದಲ್ಲಿ ಗ್ಯಾಸ್ ಸಿಲಿಂಡರ್ ಸ್ಫೋಟ. 32 ವರ್ಷದ ಇಂಜಿನಿಯರ್ ಸ್ಥಳದಲ್ಲೇ ಸತ್ತರು, ಮೂವರು ಗಾಯಗೊಂಡರು. ಸತ್ತವರು ಸಂಸ್ಥೆಯ ನೌಕರರಾಗಿರಲಿಲ್ಲ. ಅದೇ ಆವರಣದಲ್ಲಿ ಕೆಲಸ ಮಾಡುತ್ತಿದ್ದ ಒಂದು ನವೋದ್ಯಮ ಕಂಪನಿಯವರು.