ದೋಜಿನ್: ಒಬ್ಬಂಟಿ ಕೆಲಸಕ್ಕೆ ಕೂಟದ ಹೆಸರು

‘ಶಾಂಘೈ ಆಲಿಸ್ ಗೆನ್‌ಗಾಕುದಾನ್’ ಎಂಬ ಹೆಸರಿನ ಕೊನೆಯಲ್ಲಿರುವ ‘ದಾನ್’ಗೆ ಜಪಾನಿಯಲ್ಲಿ ತಂಡ ಎಂದರ್ಥ. ಆ ತಂಡದಲ್ಲಿರುವುದು ಒಬ್ಬರೇ. ಝುನ್ ಎಂದು ಕರೆದುಕೊಳ್ಳುವ ಅವರು ‘ತೋಹೋ’ ವಿಡಿಯೊ ಗೇಮ್ ಸರಣಿಯ ಪ್ರೋಗ್ರಾಮ್, ಚಿತ್ರ, ಸಂಗೀತ ಎಲ್ಲವನ್ನೂ ಬಹುಮಟ್ಟಿಗೆ ತಾವೇ ಮಾಡುತ್ತಾರೆ. ಇಂಥ ಆಟಕ್ಕೆ ಜಪಾನಿನಲ್ಲಿ ದೋಜಿನ್ ಗೇಮ್ ಎನ್ನುತ್ತಾರೆ.

‘ದೋ’ ಎಂದರೆ ಒಂದೇ ಬಗೆಯ, ‘ಜಿನ್’ ಎಂದರೆ ಜನ. (ನಮ್ಮ ‘ಜನ’ಕ್ಕೂ ಇದಕ್ಕೂ ನಂಟು ಹಚ್ಚುವ ಆಸೆಯಾಗುತ್ತದೆ, ನಂಟಿಲ್ಲ.) ಎರಡೂ ಚೀನಾದಿಂದ ಬಂದ ಅಕ್ಷರಗಳು. ಶಕುನ ಕೇಳುವ ಪ್ರಾಚೀನ ಚೀನೀ ಗ್ರಂಥ ‘ಯಿ ಜಿಂಗ್’ನ 64 ಆಕೃತಿಗಳಲ್ಲಿ ಹದಿಮೂರನೆಯದಕ್ಕೆ ಇದೇ ಅಕ್ಷರಜೋಡಿಯ ಹೆಸರು. ಕೆಳಗೆ ಬೆಂಕಿ, ಮೇಲೆ ಆಕಾಶ. ಅರ್ಥ, ಜನ ಒಂದುಗೂಡುವುದು.

ಜಪಾನಿನಲ್ಲಿ ಮೇಜಿ ಚಕ್ರವರ್ತಿಯ ಕಾಲದಲ್ಲಿ ಈ ಪದ ಸಾಹಿತಿಗಳ ಪಾಲಾಯಿತು. 1885ರಲ್ಲಿ ಓಝಾಕಿ ಕೋಯೋ ಮತ್ತು ಗೆಳೆಯರು ‘ಗರಾಕುತಾ ಬುಂಕೋ’ ಎಂಬ ಪತ್ರಿಕೆ ಶುರುಮಾಡಿದರು. ಗರಾಕುತಾ ಎಂದರೆ ಬೇಡದ ಹಳೇ ಸಾಮಾನು, ಹೆಸರಿಡುವಾಗ ನಕ್ಕಿರಲೇಬೇಕು. ಮೊದಮೊದಲು ಅದು ಕೈಯಿಂದ ಕೈಗೆ ದಾಟುವ ಕೈಬರಹದ ಪತ್ರಿಕೆ. ಬರೆದವರೇ ಓದುಗರು. ಹೀಗೆ ಸಮಾನಾಸಕ್ತರು ತಾವೇ ಹೊರತರುವ ಪತ್ರಿಕೆ ‘ದೋಜಿನ್‌ಶಿ’ ಎನಿಸಿತು, ಕೂಟದ ಸದಸ್ಯ ‘ದೋಜಿನ್’.

1975ರ ಡಿಸೆಂಬರಿನಲ್ಲಿ ಟೋಕಿಯೊದಲ್ಲಿ ದೋಜಿನ್‌ಶಿ ಮಾರುವ ಕಾಮಿಕೆಟ್ ಎಂಬ ಸಂತೆ ಶುರುವಾಯಿತು, 32 ಗುಂಪುಗಳು ಪಾಲ್ಗೊಂಡವು. ಅಲ್ಲಿಂದ ಪದ ಕಾಮಿಕ್ಸ್ ಪ್ರಿಯರ ನಡುವೆ ಇನ್ನಷ್ಟು ಹರಡಿತು. ಕಂಪ್ಯೂಟರ್ ಮನೆಮನೆಗೆ ಬಂದ ಮೇಲೆ ಸಂತೆಯಲ್ಲಿ ಪುಸ್ತಕದ ಪಕ್ಕ ಆಟದ ಡಿಸ್ಕ್‌ಗಳೂ ಬಂದವು. 2002ರ ಆಗಸ್ಟ್ ಸಂತೆಯಲ್ಲಿ ವಿಂಡೋಸ್‌ಗೆಂದು ಮಾಡಿದ ಮೊದಲ ತೋಹೋ ಆಟವೂ, ಮುಂದೆ ಮನೆಮಾತಾದ ‘ಹಿಗುರಾಶಿ’ ಆಟದ ಮೊದಲ ಕಂತೂ ಒಟ್ಟಿಗೇ ಮಾರಾಟಕ್ಕಿದ್ದವು.

ಆದರೆ ಮಾಡುವವರು ಒಬ್ಬರಾದರೆ ಕೂಟವೆಲ್ಲಿ? ನನಗನಿಸುವಂತೆ ಅದು ಮಾರಾಟದ ಮೇಜಿನ ಆಚೆ ಬದಿಗೆ, ಕೊಳ್ಳುವವರ ಕಡೆಗೆ ಸರಿಯಿತು. ತಮ್ಮ ಪಾತ್ರ, ರಾಗಗಳನ್ನು ಬಳಸಿ ಬೇರೆಯವರು ಕಥೆ, ಹಾಡು, ಆಟ ಕಟ್ಟುವುದಕ್ಕೆ ಝುನ್ ಧಾರಾಳವಾಗಿ ಒಪ್ಪಿದರು. 2004ರಿಂದ ತೋಹೋಗೆಂದೇ ‘ರೇಯ್‌ತೈಸಾಯ್’ ಎಂಬ ಬೇರೆ ಸಂತೆಯೇ ಇದೆ. ಕೊಂಡವರೇ ದೋಜಿನ್ ಆದರು.

ಲಾಭಕ್ಕೆ ಮಾರಿದರೂ ದೋಜಿನ್ನೇ ಎಂಬ ದುಡ್ಡಿನ ತಕರಾರು ಇದ್ದದ್ದೇ. 2000ದಲ್ಲಿ ‘ತ್ಸುಕಿಹಿಮೆ’ ಆಟ ಮಾರಿದ ಟೈಪ್-ಮೂನ್ ಎಂಬ ಕೂಟ ಮುಂದೆ ಕಂಪನಿಯಾಯಿತು. ಇನ್ನೊಂದೆಡೆ ‘ಪಿಕ್ಸೆಲ್’ ಹೆಸರಿನ ದಾಯ್ಸುಕೆ ಅಮಾಯಾ ಐದು ವರ್ಷ ಒಬ್ಬರೇ ದುಡಿದು 2004ರಲ್ಲಿ ‘ಕೇವ್ ಸ್ಟೋರಿ’ ಆಟವನ್ನು ಪುಕ್ಕಟೆ ಹಂಚಿದರು. ಹೊರದೇಶದವರು ಅದನ್ನು ಇಂಡೀ, ಅಂದರೆ ಸ್ವತಂತ್ರ ಆಟ, ಎಂದು ಕೊಂಡಾಡಿದರು. 2013ರಲ್ಲಿ ಕ್ಯೋಟೊದಲ್ಲಿ ಇಂಥ ಆಟಗಳ ಬಿಟ್‌ಸಮಿಟ್ ಮೇಳ ಶುರುವಾದಾಗ ಆ ಪದ ಜಪಾನಿನ ಆಟಲೋಕದಲ್ಲೂ ಗಟ್ಟಿಯಾಗಿ ಕೇಳತೊಡಗಿತು. ಯಾರ ಹಂಗಿಲ್ಲ ಎಂಬುದನ್ನು ಇಂಡೀ ಹೇಳುತ್ತದೆ, ಯಾರ ಜೊತೆ ಎಂಬುದನ್ನು ಹೇಳದು. 2017ರಿಂದ ತೋಹೋ ‘ಸ್ಟೀಮ್’ ಎಂಬ ಆನ್‌ಲೈನ್ ಆಟದಂಗಡಿಯಲ್ಲೂ ಸಿಗುತ್ತಿದೆ. ಆಟ ಅದೇ, ಅಲ್ಲಿ ಇಂಡೀ, ಟೋಕಿಯೊದ ಸಂತೆಯಲ್ಲಿ ದೋಜಿನ್.